ಬೆರಳು ಬಿಡದ ಉಂಗುರ

ನಮ್ಮ ಕವಿಗಳಿಗೆ ಉಂಗುರ ಜಾರಿ ಬೀಳುವುದು ಗೊತ್ತಿತ್ತು, ಬೆರಳಲ್ಲಿ ಸಿಕ್ಕಿಕೊಳ್ಳುವುದು ಗೊತ್ತಿರಲಿಲ್ಲ. ಶಕುಂತಲೆಯ ಉಂಗುರ ಶಚೀತೀರ್ಥದ ನೀರಿನಲ್ಲಿ ಅವಳಿಗೇ ತಿಳಿಯದಂತೆ ಜಾರಿಹೋಯಿತು. ಮೀನು ನುಂಗಿತು, ಬೆಸ್ತನ ಕೈಗೆ ಸಿಕ್ಕಿತು, ರಾಜನಿಗೆ ನೆನಪು ಬಂತು. ಮಕ್ಕಳಿಗೆ ಈ ಕಥೆ ಹೇಳುವಾಗಲೆಲ್ಲ ಒಂದು ಮಾತನ್ನು ಸೇರಿಸಿಯೇ ಹೇಳುತ್ತೇನೆ: ಮಹಾಭಾರತದ ಶಕುಂತಲೆಯ ಕಥೆಯಲ್ಲಿ ಉಂಗುರವೇ ಇಲ್ಲ, ಶಾಪವೂ ಇಲ್ಲ. ಅಲ್ಲಿಯ ಶಕುಂತಲೆ ಮಗನ ಕೈಹಿಡಿದುಕೊಂಡು ಬಂದು ತುಂಬಿದ ಸಭೆಯಲ್ಲಿ ನಿಂತು, ಯಾವ ಗುರುತನ್ನೂ ತೋರಿಸದೆ, ಬರಿಯ ಮಾತಿನಿಂದಲೇ ದುಷ್ಯಂತನನ್ನು ಎದುರಿಸುತ್ತಾಳೆ. ಅವಳ ಬೆರಳಿಗೆ ಉಂಗುರ ತೊಡಿಸಿದವನು ಕಾಳಿದಾಸ. ತೊಡಿಸುವಾಗ ಸಡಿಲವಾಗಿಯೇ ತೊಡಿಸಿದ. ಬಿಗಿಯಾಗಿ ತೊಡಿಸಿದ್ದರೆ ಐದನೆಯ ಅಂಕದಲ್ಲೇ ನಾಟಕ ಮುಗಿದು, ಮೈಸೂರಿನ ಬಸವಪ್ಪ ಶಾಸ್ತ್ರಿಗಳಿಗೆ ಅದನ್ನು ಕನ್ನಡಕ್ಕೆ ತರುವ ಕೆಲಸವೂ ಅಷ್ಟರಮಟ್ಟಿಗೆ ಹಗುರಾಗುತ್ತಿತ್ತು.

ವಿಶಾಖದತ್ತನ ಮುದ್ರಾರಾಕ್ಷಸದಲ್ಲೂ ಹೀಗೇ. ಪಾಟಲಿಪುತ್ರದಲ್ಲಿ ಚಂದನದಾಸನ ಮನೆಯ ಒಳಗೆ ಅಮಾತ್ಯ ರಾಕ್ಷಸನ ಹೆಂಡತಿ ಅಡಗಿಕೊಂಡಿದ್ದಾಳೆ. ಐದು ವರ್ಷದ ಮಗು ಹೊರಗೆ ಓಡಿಬರುತ್ತದೆ. ಅದನ್ನು ಒಳಗೆಳೆದುಕೊಳ್ಳಲು ಒಂದು ಕೈ ಬಾಗಿಲಿನಿಂದ ಹೊರಗೆ ಚಾಚುತ್ತದೆ. ಆ ಗಡಿಬಿಡಿಯಲ್ಲಿ ಉಂಗುರ ಜಾರಿ, ಹೊಸ್ತಿಲ ಮೇಲೆ ಬಿದ್ದು, ಉರುಳುತ್ತ ಹೋಗಿ ಚಾಣಕ್ಯನ ಗೂಢಚಾರನ ಕಾಲ ಬಳಿ ನಿಲ್ಲುತ್ತದೆ. ಅದು ಯಾಕೆ ಜಾರಿತು ಎನ್ನುವುದಕ್ಕೂ ನಾಟಕದಲ್ಲಿ ಕಾರಣ ಉಂಟು. ಅದು ಗಂಡಸಿನ ಬೆರಳಿನ ಅಳತೆಗೆ ಮಾಡಿಸಿದ್ದು, ಹೆಂಡತಿಯ ಬೆರಳಿಗೆ ದೊಡ್ಡದಾಗಿತ್ತು. ಗಂಡ ಊರು ಬಿಡುವಾಗ ಕೊಟ್ಟು ಹೋದ ಮುದ್ರೆಯುಂಗುರ. ಅದೇ ಮುದ್ರೆಯನ್ನು ಸುಳ್ಳು ಪತ್ರಕ್ಕೆ ಒತ್ತಿ ಚಾಣಕ್ಯ ರಾಕ್ಷಸನನ್ನು ಬಲೆಗೆ ಕೆಡವುತ್ತಾನೆ. ಒಬ್ಬ ತಾಯಿಯ ಬೆರಳು ಸ್ವಲ್ಪ ದಪ್ಪಗಿದ್ದಿದ್ದರೆ ಆ ನಾಟಕವೇ ನಡೆಯುತ್ತಿರಲಿಲ್ಲ.

ಕಾವ್ಯಗಳ ಹೆಂಗಸರು ವಿರಹದಲ್ಲಿ ಸೊರಗುತ್ತಾರೆ, ಅವರ ಬಳೆಗಳು ಮುಂಗೈಯಿಂದ ಕಳಚಿ ಬೀಳುತ್ತವೆ. ನಾನು ಕಂಡ ಹೆಂಗಸರಾರೂ ಹಾಗೆ ಸೊರಗಲಿಲ್ಲ. ಇಪ್ಪತ್ತರಲ್ಲಿ ಹಾಕಿಕೊಂಡ ಉಂಗುರ ಮೂವತ್ತಕ್ಕೆ ಬಿಗಿಯಾಗುತ್ತದೆ. ಎರಡು ಬಾಣಂತನ, ಹತ್ತು ಮಳೆಗಾಲದ ಬಟ್ಟೆ ಒಗೆತ, ರುಬ್ಬುವ ಕಲ್ಲು, ಆಮೇಲೆ ಥೈರಾಯ್ಡು, ಸಂಧಿವಾತ. ಐವತ್ತರ ಹೊತ್ತಿಗೆ ಬೆರಳಿನ ಗಿಣ್ಣು ಅಡಿಕೆ ಗಾತ್ರಕ್ಕೆ ಬಂದಿರುತ್ತದೆ, ಉಂಗುರ ಮಾತ್ರ ಇಪ್ಪತ್ತರದ್ದೇ. ಇದನ್ನು ಬರೆಯುವ ಕವಿ ಹುಟ್ಟಲಿಲ್ಲವಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಬಹುಶಃ ಕವಿಗಳು ಕೈ ನೋಡಿದ್ದು ಮದುವೆಯ ದಿನ ಮಾತ್ರ.

ಆ ಬೆರಳಿಗೆ ಸಂಸ್ಕೃತದಲ್ಲಿ ಹೆಸರಿಲ್ಲ. ಅನಾಮಿಕಾ, ಹೆಸರಿಲ್ಲದವಳು ಎನ್ನುವುದೇ ಅದರ ಹೆಸರು. ಹಿಂದೆ ಕವಿಗಳನ್ನು ಎಣಿಸುತ್ತ ಕುಳಿತಾಗ ಕಿರುಬೆರಳಿಗೆ ಕಾಳಿದಾಸ ಸಿಕ್ಕಿದ, ಮುಂದಿನ ಬೆರಳಿಗೆ ಅವನ ಸಮಾನರಾರೂ ಸಿಗಲಿಲ್ಲ, ಆದ್ದರಿಂದ ಅನಾಮಿಕಾ ಎನ್ನುವುದು ಅರ್ಥವತ್ತಾಯಿತು ಎಂದು ಒಂದು ಚಮತ್ಕಾರದ ಸುಭಾಷಿತವಿದೆ. ನಮ್ಮಲ್ಲಿ ದರ್ಭೆಯ ಪವಿತ್ರವನ್ನು ತೊಡುವುದೂ ಅದೇ ಬೆರಳಿಗೆ. ಹೋಮವೋ ಶ್ರಾದ್ಧವೋ ಮುಗಿದ ಮೇಲೆ ಪವಿತ್ರದ ಗಂಟು ಬಿಚ್ಚಿ ಹಾಕಿಬಿಡುತ್ತಾರೆ. ಗಂಡಸರ ಉಂಗುರಕ್ಕೆ ಬಿಚ್ಚುವ ವಿಧಿಯೂ ಇದೆ, ಸಮಯವೂ ಇದೆ ಎಂದಾಯಿತು.

ಪಶ್ಚಿಮದವರು ಅದೇ ಬೆರಳನ್ನು ಯಾಕೆ ಆರಿಸಿಕೊಂಡರು ಎನ್ನುವುದಕ್ಕೆ ಬೇರೊಂದು ಕಥೆ. ಕ್ರಿಸ್ತಶಕ ಎರಡನೆಯ ಶತಮಾನದ ರೋಮಿನ ಲೇಖಕ ಆಲಸ್ ಗೆಲಿಯಸ್ ಒಂದು ವಿಷಯ ಬರೆದಿಟ್ಟಿದ್ದಾನೆ. ಈಜಿಪ್ಟಿನವರು ಹೆಣ ಕೊಯ್ದು ನೋಡಿದಾಗ, ಎಡಗೈಯ ಆ ಒಂದು ಬೆರಳಿನಿಂದ ಮಾತ್ರ ಸಣ್ಣ ನರವೊಂದು ನೇರವಾಗಿ ಹೃದಯಕ್ಕೆ ಹೋಗುವುದು ಕಂಡಿತಂತೆ. ಇದನ್ನು ಹೇಳಿದವನು ಅಪಿಯೋನ್ ಎಂಬ ಹಳೆಯ ಗ್ರಂಥಕರ್ತ ಎಂದು ಅವನು ಹೊಣೆಯನ್ನು ಬೇರೆಯವರ ಮೇಲೆ ಹಾಕಿದ್ದಾನೆ. ಮುಂದಿನವರು ನರವನ್ನು ರಕ್ತನಾಳ ಮಾಡಿದರು, ಪ್ರೇಮನಾಳ ಎಂದು ಹೆಸರಿಟ್ಟರು. ನಿಜದಲ್ಲಿ ಅಂಥ ನಾಳ ಯಾವುದೂ ಇಲ್ಲ. ಪ್ರತಿ ಬೆರಳಿಗೂ ಎರಡು ಬದಿಗೆ ಎರಡು ಶುದ್ಧರಕ್ತದ ನಾಳಗಳು, ಎಲ್ಲ ಬೆರಳಿಗೂ ಒಂದೇ ಏರ್ಪಾಡು. ರೋಮಿನವರ ನಿಶ್ಚಿತಾರ್ಥದ ಉಂಗುರವೂ ಮೊದಲು ಚಿನ್ನದ್ದಲ್ಲ. ವರನ ಕಡೆಯಿಂದ ಹುಡುಗಿಗೆ ಕಲ್ಲಿಲ್ಲದ ಕಬ್ಬಿಣದ ಉಂಗುರ ಕಳುಹಿಸುವ ಪದ್ಧತಿ ತನ್ನ ಕಾಲದಲ್ಲೂ ಇದೆ ಎಂದು ಮೊದಲನೆಯ ಶತಮಾನದ ಪ್ಲಿನಿ ಬರೆದಿದ್ದಾನೆ. ಬೆರಳಿಗೆ ಮೊದಲು ಚಿನ್ನ ಹಾಕಿದವನನ್ನು ಆತ ಶಪಿಸಿದ್ದೂ ಉಂಟು. ಅದನ್ನು ಚಿನ್ನದಂಗಡಿಯವರು ಗೋಡೆಗೆ ತೂಗುಹಾಕಲಾರರು.

ಬೆರಳಿಗೂ ಹೃದಯಕ್ಕೂ ನಿಜವಾಗಿ ಏನು ಸಂಬಂಧ ಎನ್ನುವುದನ್ನು ಕಂಡವನು ಇಂಗ್ಲೆಂಡಿನ ವಿಲಿಯಂ ಹಾರ್ವೆ. 1628ರಲ್ಲಿ ಅಚ್ಚಾದ ಅವನ ಪುಟ್ಟ ಲ್ಯಾಟಿನ್ ಪುಸ್ತಕದಲ್ಲಿ ತೋಳಿಗೆ ಪಟ್ಟಿ ಕಟ್ಟಿ ಮಾಡಿದ ಪರೀಕ್ಷೆಗಳಿವೆ. ಪಟ್ಟಿಯನ್ನು ತೀರ ಬಿಗಿಯಾಗಿ ಕಟ್ಟಿದರೆ ಕೈಯಲ್ಲಿ ನಾಡಿ ನಿಲ್ಲುತ್ತದೆ, ಕೈ ತಣ್ಣಗಾಗುತ್ತದೆ, ಊದುವುದಿಲ್ಲ. ಸ್ವಲ್ಪ ಸಡಿಲ ಮಾಡಿದರೆ ಕೈ ಕೆಂಪಗಾಗಿ, ಕಪ್ಪಿಟ್ಟು, ಉಬ್ಬತೊಡಗುತ್ತದೆ. ಒಳಗೆ ಆಳದಲ್ಲಿರುವ, ಗಟ್ಟಿ ಗೋಡೆಯ ನಾಳದಿಂದ ಹೃದಯ ತಳ್ಳಿದ ರಕ್ತ ಒಳಗೆ ಬರುತ್ತದೆ. ಮೇಲಿರುವ ತೆಳು ಗೋಡೆಯ ನಾಳ ಅದುಮಿಹೋಗಿರುವುದರಿಂದ ಹಿಂದಕ್ಕೆ ಹೋಗಲಾರದು. ರಕ್ತ ಮೈಯಲ್ಲಿ ಸುತ್ತಿ ಸುತ್ತಿ ಬರುತ್ತದೆ ಎಂದು ಅವನು ಸಾಧಿಸಿದ್ದರಲ್ಲಿ ಈ ಪರೀಕ್ಷೆಯೂ ಒಂದು.

ಸಿಕ್ಕಿಕೊಂಡ ಉಂಗುರ ಮಾಡುವುದು ಇದನ್ನೇ. ಬೆರಳು ಏತಕ್ಕೋ ಸ್ವಲ್ಪ ಊದಿತು ಎನ್ನಿ. ಉಂಗುರ ಹಿಂದಿರುಗುವ ರಕ್ತವನ್ನು ತಡೆಯುತ್ತದೆ. ತಡೆದದ್ದರಿಂದ ಬೆರಳು ಇನ್ನಷ್ಟು ಊದುತ್ತದೆ. ಊದಿದ್ದರಿಂದ ಉಂಗುರ ಇನ್ನಷ್ಟು ಬಿಗಿಯುತ್ತದೆ. ಕಡೆಗೆ ಒಳಗೆ ಬರುವ ದಾರಿಯೂ ಮುಚ್ಚುತ್ತದೆ. ಬೆರಳು ನೀಲಿಗಟ್ಟಿದರೆ, ಬಿಳುಚಿದರೆ, ಜೋಮು ಹಿಡಿದು ಸ್ಪರ್ಶ ತಿಳಿಯದಂತಾದರೆ ಮನೆಮದ್ದು ಮಾಡುತ್ತ ಕೂರುವ ಹೊತ್ತಲ್ಲ, ಆಸ್ಪತ್ರೆಗೆ ಹೊರಡಬೇಕು. ಇದನ್ನು ಒತ್ತಿ ಹೇಳಲು ಕಾರಣವುಂಟು. ನಮ್ಮ ಹೆಂಗಸರು ನಾಳೆ ನೋಡೋಣ ಎನ್ನುವುದರಲ್ಲಿ ಬಹಳ ಗಟ್ಟಿಗರು.

ಅಷ್ಟು ಮುಂದುವರಿಯದಿದ್ದರೆ ಅಡಿಗೆ ಮನೆಯಲ್ಲೇ ಉಪಾಯಗಳಿವೆ. ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿ ಸ್ವಲ್ಪ ಹೊತ್ತು ಹಿಡಿಯಬೇಕು, ತಣ್ಣೀರಿನಲ್ಲಿ ಅದ್ದಬೇಕು, ಆಮೇಲೆ ಕೊಬ್ಬರಿ ಎಣ್ಣೆಯೋ ಸೋಪಿನ ನೊರೆಯೋ ಹಚ್ಚಿ ಉಂಗುರವನ್ನು ಎಳೆಯದೆ ತಿರುಗಿಸುತ್ತ ತಿರುಗಿಸುತ್ತ ಬಿಡಿಸಬೇಕು. ಎಳೆದರೆ ಗಿಣ್ಣಿನ ಚರ್ಮ ಮುಂದೆ ಮಡಿಸಿಕೊಂಡು ಅದೇ ಅಡ್ಡಗೋಡೆಯಾಗುತ್ತದೆ. ಇದಕ್ಕೂ ಬಗ್ಗದಿದ್ದರೆ ದಾರದ ಉಪಾಯ. ನಮ್ಮ ಕಡೆಯ ಸೂಲಗಿತ್ತಿಯರೂ ಇದನ್ನು ಮಾಡುತ್ತಿದ್ದರು, ಇಂದಿನ ವೈದ್ಯರೂ ಮಾಡುತ್ತಾರೆ. ನುಣುಪಾದ ದಾರದ ಒಂದು ತುದಿಯನ್ನು ಉಂಗುರದ ಕೆಳಗೆ ತೂರಿಸಿ ಅಂಗೈ ಕಡೆಗೆ ಬಿಡಬೇಕು. ಇನ್ನೊಂದು ಕಡೆಯ ಉದ್ದ ದಾರವನ್ನು ಉಂಗುರಕ್ಕೆ ತಾಗಿದಂತೆ ಶುರುಮಾಡಿ, ನಡುವೆ ಸಂದು ಬಿಡದೆ, ಬುಗುರಿಗೆ ಹಗ್ಗ ಸುತ್ತಿದಂತೆ ಗಿಣ್ಣು ದಾಟುವವರೆಗೆ ಬಿಗಿಯಾಗಿ ಸುತ್ತಬೇಕು. ಆಗ ಊತ ಅದುಮಿಹೋಗುತ್ತದೆ. ಈಗ ಅಂಗೈ ಕಡೆಯ ತುದಿಯನ್ನು ಹಿಡಿದು, ಉಗುರಿನ ದಿಕ್ಕಿಗೆ ಎಳೆಯುತ್ತ, ಸುತ್ತನ್ನು ಒಂದೊಂದಾಗಿ ಬಿಚ್ಚುತ್ತ ಹೋದರೆ ಉಂಗುರ ಒಂದೊಂದೇ ಸುತ್ತಿನ ಮೇಲೆ ಹತ್ತಿ ಮುಂದೆ ಸಾಗುತ್ತದೆ. ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಮೂಳೆ ಮುರಿದಿದ್ದರೆ, ಗಾಯವಾಗಿದ್ದರೆ ಇದನ್ನು ಮಾಡಬಾರದು.

ಬಸುರಿಯರಿಗೆ ಒಂದು ಮಾತು. ಏಳೆಂಟು ತಿಂಗಳಲ್ಲಿ ಕೈಕಾಲು ಊದುವುದು ಸಾಮಾನ್ಯ. ಆರಂಭದಲ್ಲೇ ಉಂಗುರ ತೆಗೆದಿಟ್ಟುಬಿಡುವುದು ಜಾಣತನ. ಆದರೆ ನಿನ್ನೆ ಇದ್ದ ಉಂಗುರ ಇಂದು ಹಠಾತ್ತನೆ ಬಿಗಿಯಿತು, ಮುಖವೂ ಉಬ್ಬಿದೆ, ತಲೆನೋವು, ಕಣ್ಣು ಮಂಜು ಎಂದರೆ ಅದು ರಕ್ತದೊತ್ತಡ ಏರಿದ ಸೂಚನೆ ಇರಬಹುದು. ಆಗ ಉಂಗುರದ ಚಿಂತೆ ಆಮೇಲೆ, ಮೊದಲು ಡಾಕ್ಟರು.

ಉಂಗುರ ನಮ್ಮ ಮದುವೆಗೆ ಬಂದದ್ದು ತಡವಾಗಿ. ನನ್ನ ಅಜ್ಜಿಯ ಮದುವೆಯಲ್ಲಿ ಅದು ಇರಲಿಲ್ಲ. ತಾಳಿ ಇತ್ತು, ಕಾಲುಂಗುರ ಇತ್ತು, ಸಪ್ತಪದಿ ಇತ್ತು. 1955ರ ಹಿಂದೂ ವಿವಾಹ ಕಾಯಿದೆಯೂ ಸಪ್ತಪದಿಯನ್ನು ಹೆಸರಿಸುತ್ತದೆಯೇ ಹೊರತು ಉಂಗುರವನ್ನಲ್ಲ. ಆಗಿನ ಮದರಾಸು ರಾಜ್ಯ ಮಾತ್ರ ಸ್ವಾಭಿಮಾನ ವಿವಾಹಗಳಿಗೆಂದು 1967ರಲ್ಲಿ ಅದಕ್ಕೆ ತಿದ್ದುಪಡಿ ತಂದಿತು. ಹಾರ ಹಾಕಿದರೂ ಸರಿ, ತಾಳಿ ಕಟ್ಟಿದರೂ ಸರಿ, ಒಬ್ಬರ ಬೆರಳಿಗೊಬ್ಬರು ಉಂಗುರ ತೊಡಿಸಿದರೂ ಸರಿ ಎಂದಿತು. ಯಾವ ಬೆರಳಾದರೂ ಆದೀತು ಎಂದು ಅದರಲ್ಲಿ ಬರೆದಿರುವುದು ನನಗೆ ಬಹಳ ಇಷ್ಟ. ಪ್ರೇಮನಾಳದ ಗೊಡವೆಯೇ ಇಲ್ಲ.

ನಮ್ಮ ಮನೆಗೆ ನಿಶ್ಚಿತಾರ್ಥದ ಉಂಗುರ ಬಂದದ್ದು ಅಮ್ಮನ ಜೊತೆ, 1964ರಲ್ಲಿ. ಅದು ಮನೆಯಲ್ಲೆಲ್ಲ ‘ಹದಿನಾಲ್ಕರ ಉಂಗುರ’ ಎಂದೇ ಹೆಸರಾಗಿತ್ತು. ಈಗಿನ ಹುಡುಗಿಯರಿಗೆ ಈ ಹೆಸರು ಅರ್ಥವಾಗಲಿಕ್ಕಿಲ್ಲ. 1962ರ ಚೀನಾ ಯುದ್ಧದ ಹೊತ್ತಿಗೆ ದೇಶದಲ್ಲಿ ವಿದೇಶಿ ವಿನಿಮಯದ ಬರ. ರಕ್ಷಣಾ ನಿಧಿಗೆ ಹೆಂಗಸರು ಬಳೆ, ಸರ, ಓಲೆ ಬಿಚ್ಚಿ ಕೊಟ್ಟರು. ಸರ್ಕಾರ ಚಿನ್ನದ ಬಾಂಡುಗಳನ್ನು ಹೊರಡಿಸಿತು. ಅಷ್ಟಕ್ಕೇ ಸಾಲದೆಂದು 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿ ಹಣಕಾಸಿನ ಮಂತ್ರಿಗಳಾಗಿದ್ದಾಗ, ಚಿನ್ನ ನಿಯಂತ್ರಣದ ನಿಯಮಗಳು ಬಂದವು. ಇನ್ನು ಮುಂದೆ ಮಾಡುವ ಯಾವ ಒಡವೆಯೂ 14 ಕ್ಯಾರೆಟ್ಟಿಗಿಂತ ಶುದ್ಧವಾಗಿರಕೂಡದು. 24 ಪಾಲಿನಲ್ಲಿ 14 ಪಾಲು ಚಿನ್ನ, ಉಳಿದ ಹತ್ತು ಪಾಲು ತಾಮ್ರ, ಬೆಳ್ಳಿ ಮುಂತಾದವು. ನಮ್ಮವರು ಕೇಳುವ 22 ಕ್ಯಾರೆಟ್ಟಿನಲ್ಲಿ ಬೆರಕೆ ಎರಡೇ ಪಾಲು. ಒಡವೆ ಮಂಕಾದರೆ ಜನ ಚಿನ್ನದ ಆಸೆ ಬಿಡುತ್ತಾರೆ ಎಂದು ಲೆಕ್ಕ. ಜನ ಬಿಡಲಿಲ್ಲ. ಅಕ್ಕಸಾಲಿಗರ ಕುಲುಮೆ ಆರಿತು. ಆ ಕಸುಬು ಬಿಟ್ಟು ಬೇರೇನೂ ಗೊತ್ತಿಲ್ಲದ ಎಷ್ಟೋ ಸಂಸಾರಗಳು ಬೀದಿಗೆ ಬಿದ್ದವು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಹದಿನಾಲ್ಕರ ನಿಯಮ ಕೆಲವೇ ವರ್ಷಗಳಲ್ಲಿ ಹೋಯಿತು. ಆದರೆ 1968ರ ಚಿನ್ನ ನಿಯಂತ್ರಣ ಕಾಯಿದೆ 1990ರವರೆಗೂ ಉಳಿದಿತ್ತು. ಇದೆಲ್ಲ ನಡೆಯುವಾಗ ನಮ್ಮ ರಾಜ್ಯದ ಕೋಲಾರದ ಗಣಿಯಿಂದ ಚಿನ್ನ ಮೇಲೆ ಬರುತ್ತಲೇ ಇತ್ತು. 2001ರಲ್ಲಿ ಆ ಗಣಿಯೂ ಮುಚ್ಚಿತು. ತಮಾಷೆಯೆಂದರೆ, ಅಂದು ಜನ ಮೂಗು ಮುರಿದ 14 ಕ್ಯಾರೆಟ್ಟನ್ನೇ ಇಂದು ದೊಡ್ಡ ಅಂಗಡಿಗಳಲ್ಲಿ ಹೊಸ ಫ್ಯಾಷನ್ನಿನ ಹಗುರ ಒಡವೆಯೆಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ.

ಉಳಿದ ಒಡವೆಗಳು ಅಜ್ಜಿಯ ಕಾಲದವಾದ್ದರಿಂದ ಕಾಯಿದೆಗೆ ಸಿಗಲಿಲ್ಲ. ಹೊಸದಾಗಿ ಮಾಡಿಸಿದ್ದು ಈ ಉಂಗುರ ಒಂದೇ. ಅಪ್ಪನ ಮನೆಯವರು ಕಾನೂನಿಗೆ ಹೆದರುವ ಜನ. ನಮ್ಮ ಊರಿನ ಶೇಟ್ರು ಬಿಲ್ಲು ಬರೆದು, ಕಾನೂನಿನ ಪ್ರಕಾರವೇ ಮಾಡಿಕೊಟ್ಟರು. ಬಣ್ಣ ಸ್ವಲ್ಪ ಕೆಂಪು. ಹೆಣ್ಣಿನ ಕಡೆಯ ಹೆಂಗಸರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ತುಟಿ ಓರೆ ಮಾಡಿದರಂತೆ. ಅಮ್ಮನಿಗೆ ಮಾತ್ರ ಅದರ ಮೇಲೆ ಬಹಳ ಅಭಿಮಾನ. ಅದು ಸವೆಯಲಿಲ್ಲ, ಬಗ್ಗಲಿಲ್ಲ, ಹಿಟ್ಟು ನಾದಿದಾಗಲೂ ಬೂದಿ ಹಚ್ಚಿ ಪಾತ್ರೆ ಉಜ್ಜಿದಾಗಲೂ ಹಾಗೇ ಇತ್ತು. ಬೆರಕೆ ಹೆಚ್ಚಿದಷ್ಟೂ ಚಿನ್ನ ಗಡಸು.

ಆ ಗಡಸುತನ ಕೈಕೊಟ್ಟದ್ದು 2009ರ ಮಳೆಗಾಲದಲ್ಲಿ. ಅಮ್ಮ ಬಚ್ಚಲ ಮನೆಯಲ್ಲಿ ಜಾರಿ ಬಿದ್ದು ಎಡಗೈ ಊರಿದಳು, ಮಣಿಕಟ್ಟು ಮುರಿಯಿತು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಕೈ ಹಲಸಿನ ತೊಳೆಯ ಹಾಗೆ ಉಬ್ಬಿತ್ತು. ಪ್ಲಾಸ್ಟರ್ ಹಾಕುವ ಮೊದಲು ಉಂಗುರ ತೆಗೆಯಲೇಬೇಕು ಎಂದರು ಡಾಕ್ಟರು. ಒಳಗೆ ಉಳಿದರೆ ಬೆರಳೇ ಹೋದೀತು. ಅಮ್ಮ ಕೈ ಹಿಂದಕ್ಕೆಳೆದುಕೊಂಡಳು. “ಅವರು ಇದ್ದಾಗ ಬಿಚ್ಚೋದು ಹೆಂಗೆ?” ಎಂದಳು. ನಲವತ್ತೈದು ವರ್ಷ ಆ ಉಂಗುರ ಬೆರಳು ಬಿಟ್ಟು ಕದಲಿರಲಿಲ್ಲ. ತಾಳಿಗೆ ಇರುವ ಭಯವೆಲ್ಲ, ಯಾವ ಶಾಸ್ತ್ರವೂ ಹೇಳದಿದ್ದರೂ, ಆ ಉಂಗುರಕ್ಕೂ ಹತ್ತಿಕೊಂಡಿತ್ತು.

ಮುರಿದ ಕೈಗೆ ದಾರ ಸುತ್ತುವಂತಿಲ್ಲ, ಕತ್ತರಿಸುವುದೇ ದಾರಿ. ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಒಂದು ಸಣ್ಣ ಸಲಕರಣೆ ಇರುತ್ತದೆ. ತೆಳ್ಳನೆಯ ನಾಲಿಗೆಯಂಥ ತಗಡು ಉಂಗುರದ ಕೆಳಗೆ ಹೋಗಿ ಚರ್ಮವನ್ನು ಕಾಯುತ್ತದೆ, ಮೇಲೆ ಹಲ್ಲಿನ ಚಕ್ರವೊಂದನ್ನು ಕೀಲಿಯಿಂದ ತಿರುಗಿಸುತ್ತ ಕೊಯ್ಯುತ್ತಾರೆ. ಅವತ್ತು ಅದು ಅಲ್ಲಿರಲಿಲ್ಲ. ಅಪ್ಪ ಆಟೋ ಹಿಡಿದು ಹೋಗಿ ಶೇಟ್ರ ಮಗನನ್ನು ಕರೆತಂದರು. ತಂದೆ ಮಾಡಿದ ಉಂಗುರವನ್ನು ಮಗ ಕೊಯ್ಯಬೇಕಾಯಿತು. ಆತ ತೆಳು ತಗಡಿನ ಚೂರೊಂದನ್ನು ಉಂಗುರದ ಅಡಿಗೆ ತೂರಿಸಿ, ದಾರದಷ್ಟು ಸಣ್ಣ ಗರಗಸದಿಂದ ಉಜ್ಜತೊಡಗಿದ. ಬಿಸಿಯಾಗದಂತೆ ನಡುನಡುವೆ ನಾನು ನೀರು ಬಿಡುತ್ತಿದ್ದೆ. “ಇಪ್ಪತ್ತೆರಡರದ್ದಾಗಿದ್ರೆ ಇಷ್ಟು ಹೊತ್ತಿಗೆ ಆಗ್ತಿತ್ತಮ್ಮಾ” ಎಂದ. “ನಿಮ್ಮಪ್ಪ ಮಾಡಿದ್ದು ಕಣಪ್ಪಾ, ಅಷ್ಟು ಸುಲಭಕ್ಕೆ ಆಗುತ್ತಾ” ಎಂದಳು ಅಮ್ಮ, ಆ ನೋವಿನಲ್ಲೂ. ಬಾಗಿಲ ಹತ್ತಿರ ನಿಂತಿದ್ದ ಅಪ್ಪ, ಮಾತು ಕಡಿಮೆಯ ಮನುಷ್ಯ, “ಕತ್ತರಿಸ್ಲಿ ಬಿಡೇ, ನಾನೆಲ್ಲಿಗೂ ಹೋಗ್ತಾ ಇಲ್ಲ” ಎಂದರು.

ಉಂಗುರ ಬಿಡಿಸಿದಾಗ ಆ ಜಾಗದಲ್ಲಿ ಬೆರಳು ಸುತ್ತ ಬೆಳ್ಳನೆಯ ತಗ್ಗೊಂದಿತ್ತು. ಮರಕ್ಕೆ ತಂತಿ ಕಟ್ಟಿದರೆ ಬೀಳುವಂಥದ್ದು. ಉಂಗುರವನ್ನು ಮತ್ತೆ ಬೆಸೆಸಿಕೊಡುತ್ತೇನೆಂದು ಶೇಟ್ರ ಮಗ ಎಷ್ಟು ಸಲ ಹೇಳಿದರೂ ಅಮ್ಮ ಕೊಡಲಿಲ್ಲ. ಬಾಯಿ ಬಿಟ್ಟ ಉಂಗುರ ಕುಂಕುಮದ ಭರಣಿಯಲ್ಲೇ ಉಳಿಯಿತು.

ಈಗ ಅನ್ನಿಸುವುದು, ಆ ಶೇಟ್ರ ಮಗನಿಗೆ ಇಂದಿನ ಉಂಗುರಗಳನ್ನು ಕೊಟ್ಟರೆ ಏನು ಮಾಡುತ್ತಿದ್ದ ಎಂದು. ಪೇಟೆಯ ಹುಡುಗರು ಟೈಟಾನಿಯಂ, ಟಂಗ್‌ಸ್ಟನ್ ಉಂಗುರ ಹಾಕುತ್ತಾರೆ. ಟೈಟಾನಿಯಂ ಕೊಯ್ಯಲು ಬೇರೆ ಅಲಗು ಬೇಕು. ಟಂಗ್‌ಸ್ಟನ್ ಕಾರ್ಬೈಡಂತೂ ಗರಗಸಕ್ಕೆ ಬಗ್ಗುವುದೇ ಇಲ್ಲ, ಇಕ್ಕಳದಲ್ಲಿ ಅದುಮಿ ಗಾಜಿನಂತೆ ಒಡೆಯಬೇಕು. ಕೇರಳದಲ್ಲಿ ಜನ ಉಂಗುರ ಕತ್ತರಿಸಿಕೊಳ್ಳಲು ಅಗ್ನಿಶಾಮಕ ಠಾಣೆಗೆ ಹೋಗುವ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ್ದೇನೆ.

ಗಂಡ ಇದ್ದಾಗ ಬಿಚ್ಚುವುದು ಹೇಗೆ ಎಂಬ ಅಮ್ಮನ ಪ್ರಶ್ನೆಯನ್ನು ಇತಿಹಾಸದಲ್ಲಿ ಲಕ್ಷಾಂತರ ಹೆಂಗಸರು ಕೇಳಿಕೊಂಡಿರಬೇಕು. 1813ರಲ್ಲಿ ನೆಪೋಲಿಯನ್ನನ ವಿರುದ್ಧದ ಯುದ್ಧಕ್ಕೆ ಹಣ ಬೇಕಾದಾಗ ಪ್ರಷ್ಯದ ರಾಜಕುಮಾರಿ ಮೇರಿಯಾನೆ ಹೆಂಗಸರನ್ನು ಚಿನ್ನ ಕೊಡಿರೆಂದು ಕೇಳಿದಳು. ಕೊಟ್ಟವರಿಗೆ ಬದಲಿಗೆ ಕಬ್ಬಿಣದ ಉಂಗುರ ಸಿಕ್ಕಿತು. 1914ರ ಮಹಾಯುದ್ಧದಲ್ಲಿ ಜರ್ಮನಿ, ಆಸ್ಟ್ರಿಯಾಗಳು ಅದನ್ನೇ ಮತ್ತೆ ಮಾಡಿದವು. ಇದೆಲ್ಲಕ್ಕಿಂತ ಇಟಲಿಯದು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. 1935ರ ಅಕ್ಟೋಬರಿನಲ್ಲಿ ಮುಸೊಲಿನಿಯ ಸೈನ್ಯ ಇಥಿಯೋಪಿಯಾದ ಮೇಲೆ ನುಗ್ಗಿತು. ರಾಷ್ಟ್ರಸಂಘ ನವೆಂಬರ್ 18ರಿಂದ ಇಟಲಿಯ ಮೇಲೆ ಆರ್ಥಿಕ ದಿಗ್ಬಂಧನ ಹಾಕಿತು. ಡಿಸೆಂಬರ್ 18ರಂದು ‘ಉಂಗುರದ ದಿನ’. ಇಟಲಿಯ ಭಾಷೆಯಲ್ಲಿ ಮದುವೆಯುಂಗುರಕ್ಕೂ ನಂಬಿಕೆಗೂ ಒಂದೇ ಪದ, ಫೇದೆ. ಅಂದು ರೋಮಿನ ಯೋಧರ ಸ್ಮಾರಕದ ಎದುರು ರಾಣಿ ಎಲೆನಾ ಎಲ್ಲರಿಗಿಂತ ಮೊದಲು ತನ್ನ ಮದುವೆಯುಂಗುರವನ್ನು ಕೊಟ್ಟಳು. ಅವಳ ಹಿಂದೆ ಹೆಂಗಸರ ಸಾಲು. ನಾಟಕಕಾರ ಪಿರಾಂಡೆಲೊ ತನ್ನ ನೊಬೆಲ್ ಪದಕವನ್ನೇ ಕೊಟ್ಟ. ಹೆಂಗಸರಿಗೆ ಬದಲಿಗೆ ಸಿಕ್ಕಿದ್ದು ಉಕ್ಕಿನ ಉಂಗುರ. ಮರುದಿನ ಯಾರ ಬೆರಳಲ್ಲಿ ಚಿನ್ನ ಇನ್ನೂ ಹೊಳೆಯುತ್ತಿದೆ ಎಂದು ಬೀದಿಯವರಿಗೆಲ್ಲ ಕಾಣುತ್ತದೆ, ಹಾಗಿರುವಾಗ ಕೊಡುವುದಿಲ್ಲ ಎನ್ನುವ ಧೈರ್ಯ ಎಷ್ಟು ಜನಕ್ಕಿದ್ದೀತು? ಆ ಸಾಲಿನಲ್ಲಿ ಗಿಣ್ಣು ಊದಿದ ಮುದುಕಿಯರೂ ನಿಂತಿರಲೇಬೇಕು. ದೇಶಕ್ಕಾಗಿ ಸೋಪು ಹಚ್ಚಿ ಉಂಗುರ ಎಳೆದ ಅವರ ಚಿತ್ರ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಆ ಚಿನ್ನ ಇಥಿಯೋಪಿಯಾದ ಹೆಂಗಸರ ಮನೆಗಳ ಮೇಲೆ ಬಾಂಬಾಗಿ ಬಿತ್ತು.

ಇಟಲಿಯವರ ಕಥೆ ಸಾಕು. ನಮ್ಮ ಮನೆಗಳಲ್ಲಿ ಬಲವಂತಕ್ಕೆ ಬಿಚ್ಚಿಸಿದ್ದು ಕೈಯುಂಗುರವಲ್ಲ, ಕಾಲಿನದು. ಸೊಂಟದ ಕೆಳಗೆ ಚಿನ್ನ ಹಾಕಬಾರದೆಂದು ಅದು ಬೆಳ್ಳಿಯದು. ಈಗಿನ ಕಾಲುಂಗುರಕ್ಕೆ ಅಡಿಯಲ್ಲಿ ಬಾಯಿ ಇರುತ್ತದೆ, ಅಗಲಿಸಬಹುದು, ಅದುಮಬಹುದು. ಅಜ್ಜಿಯ ಕಾಲದ ಪಿಲ್ಲಿ ಮುಚ್ಚಿದ ಬಳೆಯಂಥದ್ದು, ದಪ್ಪ. ಹನ್ನೆರಡು ವರ್ಷದ ಹುಡುಗಿಯ ಬೆರಳಿಗೆ ತೊಡಿಸಿದರೆ ಬೆರಳು ಅದರ ಒಳಗೇ ಬೆಳೆಯಬೇಕು. ಅಡಿಕೆ ಅಂಗಳದ ಕೆಸರಿನಲ್ಲಿ, ಕೊಟ್ಟಿಗೆಯ ಗಂಜಳದಲ್ಲಿ ಐವತ್ತು ವರ್ಷ ನಡೆದ ಕಾಲು ಅದು.

ಅಜ್ಜ ತೀರಿಕೊಂಡದ್ದು 1979ರಲ್ಲಿ, ನನಗೆ ಒಂಬತ್ತು ವರ್ಷ. ಹತ್ತನೆಯ ದಿನ ಬೆಳಕು ಹರಿಯುವ ಮೊದಲೇ ಬಚ್ಚಲ ಹತ್ತಿರ ನಾಲ್ಕು ಹೆಂಗಸರು ಸೇರಿದ್ದರು. ಎಲ್ಲರೂ ವಿಧವೆಯರು, ಆ ಕೆಲಸಕ್ಕೆ ಮುತ್ತೈದೆಯರು ಹತ್ತಿರ ಬರುವಂತಿಲ್ಲ. ಮಕ್ಕಳು ನೋಡಬಾರದೆಂದು ನನ್ನನ್ನು ಒಳಗೆ ಕಳಿಸಿದ್ದರು. ನಾನು ಕಿಟಕಿಯಿಂದ ನೋಡಿದೆ. ಬಳೆ ಒಡೆಯುವುದು ಬೇಗ ಮುಗಿಯಿತು. ಪಿಲ್ಲಿ ಬರಲಿಲ್ಲ. ಹರಳೆಣ್ಣೆ ಹಚ್ಚಿದರು, ಅಂಟುವಾಳದ ನೊರೆ ಹಾಕಿದರು, ಎಳೆದರು. ಬಲಗಾಲಿನದು ಹೇಗೋ ಬಂತು. ಎಡಗಾಲಿನದಕ್ಕೆ ಕೊನೆಗೆ ಬೇಲಿ ತಂತಿ ಕತ್ತರಿಸುವ ಇಕ್ಕಳ ತಂದರು. ಇಷ್ಟು ಆತುರ ಯಾಕೆ, ಇವತ್ತೇ ಯಾಕೆ, ಇನ್ನೊಂದು ವಾರ ಅದು ಅಲ್ಲೇ ಇದ್ದರೆ ಯಾರಿಗೆ ಏನಾಗುತ್ತಿತ್ತು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ಅಮ್ಮನ ಉಂಗುರ ಕೊಯ್ದದ್ದು ಬೆರಳು ಉಳಿಯಲಿ ಎಂದು. ಇಲ್ಲಿ ಬೆರಳಿನ ಚಿಂತೆ ಯಾರಿಗೂ ಇರಲಿಲ್ಲ. ಅಜ್ಜಿ ಅಳಲಿಲ್ಲ, ಕೂಗಲಿಲ್ಲ. ಹತ್ತು ದಿನ ಅತ್ತದ್ದು ಮುಗಿದಿತ್ತೇನೋ. ಒಮ್ಮೆ ಮಾತ್ರ “ಹುಷಾರೇ” ಎಂದಳು. ಆಮೇಲೆ ಆ ಬೆರಳಿಗೆ ಅರಿಶಿನ ಹಾಕಿ ಬಟ್ಟೆ ಕಟ್ಟಿದ್ದರು. ಗಾಯ ಮಾಗಲು ಒಂದು ತಿಂಗಳು ಬೇಕಾಯಿತು. ಅಜ್ಜಿ ಬದುಕಿರುವವರೆಗೂ ಆ ಬೆರಳು ಒಂದು ಬದಿಗೆ ವಾಲಿಕೊಂಡೇ ಇತ್ತು.

ಅಮ್ಮ ಅವತ್ತು ಆ ಮನೆಯ ಸೊಸೆ. ಒಳಗೆ ಅಡಿಗೆ ಮಾಡುತ್ತಿದ್ದಳು. ಏನು ನೋಡಿದಳೋ ಏನು ಕೇಳಿಸಿಕೊಂಡಳೋ ನನಗೆ ಎಂದೂ ಹೇಳಲಿಲ್ಲ.

ಅಪ್ಪ ಹೋದದ್ದು 2016ರಲ್ಲಿ. ಈಗ ಬಚ್ಚಲ ಹತ್ತಿರ ಯಾರೂ ಸೇರುವುದಿಲ್ಲ, ಕಾಲ ಬದಲಾಗಿದೆ. ಆದರೂ ಹತ್ತನೆಯ ದಿನ ಹಿರಿಯರಾದ ಇಬ್ಬರು ದೊಡ್ಡಮ್ಮಂದಿರು ಅಮ್ಮನ ಪಕ್ಕ ಬಂದು ಕುಳಿತರು. ಒತ್ತಾಯದ ದನಿಯಲ್ಲ, ಸಮಾಧಾನದ ದನಿಯಲ್ಲೇ, “ಕಾಲುಂಗುರ ಒಂದು ತೆಗೆದುಬಿಡು ಮಾರಾಯ್ತಿ, ನೋಡಿದವರು ಮಾತಾಡ್ತಾರೆ” ಎಂದರು. ಅಮ್ಮ ಕಾಲು ನೀಡಿದಳು. “ಬರೋದಿಲ್ಲ ಅಕ್ಕಾ, ಕಾಲು ಊದಿದೆ, ಸಿಕ್ಕಿಹಾಕ್ಕೊಂಡಿದೆ. ಬೇಕಾದ್ರೆ ನೀವೇ ನೋಡಿ” ಎಂದಳು. ಒಬ್ಬರು ಎಣ್ಣೆ ಹಚ್ಚಿ ಎಳೆದರು. ಬರಲಿಲ್ಲ. ಇನ್ನೊಬ್ಬರು ಎಳೆದರು. ಆಗಲೂ ಬರಲಿಲ್ಲ. ನಾನು ಪಕ್ಕದಲ್ಲೇ ಕುಳಿತಿದ್ದೆ. ಅವರ ಕೈ ತಾಗಿದಾಗಲೆಲ್ಲ ಅಮ್ಮನ ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತಿದ್ದದ್ದು ನನಗೆ ಕಂಡಿತು, ಅವರಿಗೂ ಕಂಡಿರಬಹುದು. “ಶೇಟ್ರನ್ನ ಕರೆಸೋಣವಾ?” ಎಂದು ದೊಡ್ಡಮ್ಮ ಕೇಳಿದರು. “ಕೈಗೆ ಒಂದು ಸಲ ಕೊಯ್ಸಿಕೊಂಡಿದ್ದು ಸಾಕು” ಎಂದು ಅಮ್ಮ ಸೀರೆಯ ಅಂಚನ್ನು ಕಾಲಿನ ಮೇಲೆಳೆದುಕೊಂಡಳು. ಮಾತು ಅಲ್ಲಿಗೆ ನಿಂತಿತು. ಅವರೂ ವಿಧವೆಯರೇ. ಆ ಬೆರಳು ಮಡಚುವುದನ್ನು ಕಂಡೂ ಕಾಣದ ಹಾಗೆ ಎದ್ದುಹೋದರೆಂದು ನಾನು ನಂಬಿದ್ದೇನೆ.

2022ರ ಮೇ ತಿಂಗಳಲ್ಲಿ ನಮ್ಮ ಗಡಿಯ ಆಚೆಗೇ, ಕೊಲ್ಹಾಪುರ ಜಿಲ್ಲೆಯ ಹೇರವಾಡ ಎಂಬ ಹಳ್ಳಿಯ ಗ್ರಾಮ ಪಂಚಾಯತಿ ಒಂದು ಠರಾವು ಮಾಡಿತು. ಗಂಡ ಸತ್ತಾಗ ಹೆಂಡತಿಯ ಕುಂಕುಮ ಅಳಿಸುವುದು, ಬಳೆ ಒಡೆಯುವುದು, ತಾಳಿ ಮತ್ತು ಕಾಲುಂಗುರ ತೆಗೆಯುವುದು ತಮ್ಮ ಊರಿನಲ್ಲಿ ಇನ್ನಿಲ್ಲ ಎಂದು. ಅದೇ ತಿಂಗಳಲ್ಲಿ ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯತಿಗಳೂ ಹೀಗೆ ಮಾಡಲೆಂದು ಸುತ್ತೋಲೆ ಹೊರಡಿಸಿತು. ಪತ್ರಿಕೆಯಲ್ಲಿ ಬಂದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡು, “ಪಂಚಾಯ್ತಿಯವರೇ ಹೇಳಿದರಾ?” ಎಂದು ಎರಡು ಸಲ ಕೇಳಿದಳು. ಊರಿನ ಹೆಸರನ್ನು ಇನ್ನೊಮ್ಮೆ ಹೇಳಿಸಿಕೊಂಡಳು.

ಎಂಬತ್ತರ ಹತ್ತಿರ ಬಂದ ಮೇಲೆ ಅಮ್ಮ ಇಳಿದುಹೋಗಿದ್ದಾಳೆ. ಊತ ಇಲ್ಲ, ಕಾಲಿನ ಬೆರಳು ಸಣ್ಣಗಾಗಿದೆ. ಭಾನುವಾರ ಉಗುರು ತೆಗೆಯಲು ನಾನು ಕಾಲು ಹಿಡಿದರೆ ಕಾಲುಂಗುರ ತಾನಾಗಿಯೇ ಜಾರಿ ಬರುತ್ತದೆ. ಎಡಗಾಲಿನದು ನಡೆಯುವಾಗಲೂ ಬೀಳತೊಡಗಿತ್ತು. ಅದಕ್ಕೆ ಅವಳೇ ಹೂ ಕಟ್ಟುವ ದಾರವನ್ನು ಅಡಿಗೆ ನಾಲ್ಕು ಸುತ್ತು ಬಿಗಿಯಾಗಿ ಸುತ್ತಿಕೊಂಡಿದ್ದಾಳೆ.